ಹತ್ತಾರು ಕ್ಲೈಂಟ್ ಸೈಟ್, ಒಂದೇ ಏಜೆನ್ಸಿ ಅಕೌಂಟ್: ವ್ಯವಸ್ಥೆ ಮಾಡಿಕೊಳ್ಳುವುದು ಹೇಗೆ?

ದಾವಣಗೆರೆ, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ಇಬ್ಬರು ಮೂವರು ಸೇರಿ ನಡೆಸುವ ವೆಬ್ ಏಜೆನ್ಸಿಗಳು ಬೇಕಾದಷ್ಟಿವೆ. ಮೊದಲ ಸೈಟ್ ಪರಿಚಯದವರ ಶಾಲೆಯದ್ದು. ಆಮೇಲೆ ಒಂದು ಕ್ಲಿನಿಕ್, ಒಂದು ಸೀರೆ ಅಂಗಡಿ, ಮಲೆನಾಡಿನ ಒಂದು ಹೋಮ್‌ಸ್ಟೇ. ಐದು ಸೈಟ್ ಇರುವ ತನಕ ಎಲ್ಲ ತಲೆಯಲ್ಲೇ ಇರುತ್ತದೆ. ಇಪ್ಪತ್ತು ದಾಟಿದ ಮೇಲೆ ಕಥೆ ಬೇರೆ. ಒಂದು ಪಾಸ್‌ವರ್ಡ್ ವಾಟ್ಸಾಪ್ ಚಾಟಿನಲ್ಲಿ, ಇನ್ನೊಂದು ಡೈರಿಯಲ್ಲಿ, ಮತ್ತೊಂದು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಜಿಮೇಲಿನಲ್ಲಿ.

ಇವನ್ನೆಲ್ಲ ಒಂದೇ ಕಡೆ ಕೂತು ನೋಡಿಕೊಳ್ಳುವ ವ್ಯವಸ್ಥೆ ಹೇಗೆ ಮಾಡಿಕೊಳ್ಳಬೇಕು ಅನ್ನೋದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಉಚಿತ ತಂತ್ರಾಂಶ) ಸೈಟುಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಸಣ್ಣ ಏಜೆನ್ಸಿಗಳ ಕೈಯಲ್ಲಿ ಅವೇ ಜಾಸ್ತಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏಜೆನ್ಸಿ ಅಕೌಂಟ್ ಅಂದರೆ ಎಲ್ಲವನ್ನೂ ನಮ್ಮ ಹೆಸರಿಗೆ ಬರೆಸಿಕೊಳ್ಳುವುದಲ್ಲ. ಕೆಲಸ ಮಾಡುವ ಜಾಗ ಒಂದೇ ಇರಲಿ, ಮಾಲೀಕತ್ವ ಮಾತ್ರ ಆಯಾ ಕ್ಲೈಂಟಿನದ್ದೇ ಇರಲಿ. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಈ ಲೆಕ್ಕದ ಮೇಲೆಯೇ ನಿಂತಿವೆ.

ಹೆಜ್ಜೆ 1: ಮೊದಲು ಪಟ್ಟಿ

ಯಾವ ಟೂಲನ್ನೂ ಹಾಕಿಕೊಳ್ಳುವ ಮೊದಲು ಒಂದು ಶೀಟ್ ತೆರೆಯಿರಿ. ಒಂದು ಸೈಟಿಗೆ ಒಂದು ಸಾಲು. ಡೊಮೇನ್ ಎಲ್ಲಿ ತಗೊಂಡಿದ್ದು, ಯಾರ ಹೆಸರಲ್ಲಿದೆ, ಯಾವ ಇಮೇಲಿಗೆ ಕಟ್ಟಿದೆ, ರಿನ್ಯೂವಲ್ ತಾರೀಕು ಯಾವುದು. ಹೋಸ್ಟಿಂಗ್ (ಸೈಟಿನ ಫೈಲು ಇರುವ ಸರ್ವರ್ ಜಾಗ) ಎಲ್ಲಿ, ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಯಾವ ಆವೃತ್ತಿ. ಡಿಎನ್‌ಎಸ್, ಅಂದರೆ ಡೊಮೇನ್ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ದಾಖಲೆಗಳು, ಎಲ್ಲಿಂದ ನಡೆಯುತ್ತಿದೆ. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ, ಡಿಎನ್‌ಎಸ್ ಕ್ಲೌಡ್‌ಫ್ಲೇರಿನಲ್ಲಿ ಇರುವುದು ಮಾಮೂಲಿ, ಹಾಗಾಗಿ ಈ ಮೂರಕ್ಕೂ ಬೇರೆ ಬೇರೆ ಕಾಲಂ ಬೇಕು. ಇಮೇಲ್ ಸೇವೆ ಯಾರದ್ದು, ದುಡ್ಡು ಕೊಟ್ಟು ತಗೊಂಡ ಥೀಮ್ (ಸೈಟಿನ ವಿನ್ಯಾಸ) ಮತ್ತು ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶ) ಲೈಸೆನ್ಸ್ ಯಾರ ಅಕೌಂಟಿನಲ್ಲಿದೆ, ಅದನ್ನೂ ಬರೆಯಿರಿ.

ಇದರ ಜೊತೆಗೆ ಇನ್ನೊಂದು ಕಾಲಂ ಹಾಕಲೇಬೇಕು: ಓಟಿಪಿ ಯಾರ ಫೋನಿಗೆ ಹೋಗುತ್ತದೆ? ಪಾಸ್‌ವರ್ಡ್ ಗೊತ್ತಿದ್ದರೂ ಓಟಿಪಿ ಮಾಲೀಕರ ಮಗನ ಹಳೆಯ ನಂಬರಿಗೆ ಹೋಗುತ್ತಿದ್ದರೆ ಆ ಲಾಗಿನ್ ಇದ್ದೂ ಇಲ್ಲದ ಹಾಗೆ. ಈ ಕಾಲಂ ತುಂಬಿಸಲು ಹೊರಟಾಗಲೇ ನಿಜವಾದ ತೊಡಕುಗಳೆಲ್ಲ ಬಯಲಿಗೆ ಬರುತ್ತವೆ.

ಶೀಟಿನಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಅದಕ್ಕೆ ಬೇರೆ ಜಾಗ ಇದೆ, ಮುಂದೆ ಹೇಳುತ್ತೇನೆ.

ಹೆಜ್ಜೆ 2: ಡೊಮೇನ್ ಕ್ಲೈಂಟಿನ ಹೆಸರಿಗೆ

ಸೈಟ್ ಹೋದರೆ ಬ್ಯಾಕಪ್‌ನಿಂದ ತರಬಹುದು. ಡೊಮೇನ್ ಹೋದರೆ ಬೋರ್ಡು, ವಿಸಿಟಿಂಗ್ ಕಾರ್ಡು, ಇಮೇಲ್, ಗೂಗಲ್‌ನಲ್ಲಿ ಬಂದ ಹೆಸರು ಎಲ್ಲ ಹೋದ ಹಾಗೆ. ಹಾಗಾಗಿ ಡೊಮೇನ್ ಕ್ಲೈಂಟಿನದ್ದೇ ಅಕೌಂಟಿನಲ್ಲಿ, ಅವರದ್ದೇ ಹೆಸರು ಮತ್ತು ಇಮೇಲಿನಲ್ಲಿ ಇರಬೇಕು. ಗೋಡ್ಯಾಡಿಯಂಥ ಕೆಲವು ರಿಜಿಸ್ಟ್ರಾರ್‌ಗಳಲ್ಲಿ (ಡೊಮೇನ್ ಮಾರುವ ಕಂಪನಿಗಳಲ್ಲಿ) ಡೆಲಿಗೇಟ್ ಆಕ್ಸೆಸ್ ಅನ್ನುವ ಸೌಲಭ್ಯ ಇದೆ. ಕ್ಲೈಂಟ್ ತಮ್ಮ ಅಕೌಂಟಿನಿಂದ ನಿಮ್ಮ ಇಮೇಲಿಗೆ ಆಹ್ವಾನ ಕಳಿಸುತ್ತಾರೆ, ನೀವು ನಿಮ್ಮದೇ ಲಾಗಿನ್‌ನಲ್ಲಿ ಕೂತು ಅವರ ಡೊಮೇನ್ ನೋಡಿಕೊಳ್ಳುತ್ತೀರಿ. ಪಾಸ್‌ವರ್ಡ್ ಕೈ ಬದಲಾಯಿಸುವ ಗೊಡವೆಯೇ ಇಲ್ಲ.

ಈಗಾಗಲೇ ಎಲ್ಲ ಡೊಮೇನುಗಳೂ ನಿಮ್ಮ ಅಕೌಂಟಿನಲ್ಲೇ ಇದ್ದರೆ ಒಂದೇ ದಿನ ಬದಲಾಯಿಸಲು ಹೋಗಬೇಡಿ. ರಿನ್ಯೂವಲ್ ಬಂದಾಗ ಒಂದೊಂದನ್ನೇ ಸಾಗಿಸಿ. ಒಂದೇ ರಿಜಿಸ್ಟ್ರಾರ್ ಒಳಗೆ ಅಕೌಂಟಿನಿಂದ ಅಕೌಂಟಿಗೆ ಕಳಿಸುವುದು ಸುಲಭ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ನೆನಪಿರಲಿ: ಹೊಸದಾಗಿ ತಗೊಂಡ ಅಥವಾ ಈಗಷ್ಟೇ ವರ್ಗಾಯಿಸಿದ ಡಾಟ್ ಕಾಮ್ ಡೊಮೇನನ್ನು ಸಾಮಾನ್ಯವಾಗಿ 60 ದಿನ ಅಲ್ಲಾಡಿಸುವ ಹಾಗಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಡೊಮೇನ್ ಅಕೌಂಟಿಗೆ ಅದೇ ಡೊಮೇನಿನ ಇಮೇಲ್ ಕೊಡಬಾರದು. ಅವಧಿ ಮುಗಿದ ದಿನ ಆ ಇಮೇಲೂ ನಿಂತುಹೋಗುತ್ತದೆ. ಆಮೇಲೆ ರಿನ್ಯೂವಲ್ ನೋಟಿಸೂ ಬರಲ್ಲ, ಪಾಸ್‌ವರ್ಡ್ ರೀಸೆಟ್ ಲಿಂಕೂ ಬರಲ್ಲ. ಕ್ಲೈಂಟಿನ ಜಿಮೇಲೇ ವಾಸಿ.

ಅವಧಿ ಮುಗಿದ ಡಾಟ್ ಕಾಮ್ ತಕ್ಷಣ ಕೈತಪ್ಪುವುದಿಲ್ಲ. ರಿಜಿಸ್ಟ್ರಾರ್ ಕೊಡುವ ಹೆಚ್ಚುವರಿ ಕಾಲ ಹೆಚ್ಚೆಂದರೆ 45 ದಿನ, ಕೆಲವರು ಕಮ್ಮಿ ಕೊಡುತ್ತಾರೆ. ಆಮೇಲಿನ 30 ದಿನ ರಿಡೆಂಪ್ಷನ್. ಆಗಲೂ ವಾಪಸ್ ಪಡೆಯಬಹುದು, ಆದರೆ ಮಾಮೂಲಿ ದರದ ಮೇಲೆ ದೊಡ್ಡ ದಂಡ ಬೀಳುತ್ತದೆ. ಕೊನೆಯ 5 ದಿನ ಯಾರೂ ಏನೂ ಮಾಡುವ ಹಾಗಿಲ್ಲ. ಅದಾದ ಮೇಲೆ ಡೊಮೇನ್ ಯಾರಿಗೆ ಸಿಕ್ಕರೆ ಅವರದ್ದು.

ಹೆಜ್ಜೆ 3: ಒಂದು ಸೈಟಿಗೆ ಒಂದು ಸಿಪ್ಯಾನೆಲ್

ಸಿಪ್ಯಾನೆಲ್ ಅಂದರೆ ಹೋಸ್ಟಿಂಗ್ ನೋಡಿಕೊಳ್ಳುವ ಪ್ಯಾನೆಲ್. ದುಡ್ಡು ಉಳಿಸಲು ಒಂದೇ ಹೋಸ್ಟಿಂಗ್ ಪ್ಲ್ಯಾನ್ ತಗೊಂಡು ಅದರೊಳಗೆ ಹದಿನೈದು ಸೈಟುಗಳನ್ನು ಆ್ಯಡ್ಆನ್ ಡೊಮೇನ್ ಮಾಡಿ ಸೇರಿಸುವುದು ಬಹಳ ಕಡೆ ಕಾಣುವ ಪದ್ಧತಿ. ಎಲ್ಲ ಒಂದೇ ಕಡೆ ಸಿಗುತ್ತದೆ ಅಲ್ವಾ ಅನಿಸಬಹುದು. ಆದರೆ ಆ ಹದಿನೈದೂ ಸರ್ವರಿನ ಕಣ್ಣಿಗೆ ಒಬ್ಬನೇ ಬಳಕೆದಾರನ ಫೈಲುಗಳು. ಸೀರೆ ಅಂಗಡಿಯ ಸೈಟಿನ ಹಳೆಯ ಸ್ಲೈಡರ್ ಪ್ಲಗಿನ್‌ನಲ್ಲಿ ಒಂದು ತೂತಿದ್ದರೆ ಅಲ್ಲಿ ನುಗ್ಗಿದವನು ಪಕ್ಕದ ಫೋಲ್ಡರಿನ ಕ್ಲಿನಿಕ್ ಸೈಟಿಗೂ ಬರೆಯಬಲ್ಲ. ಒಂದನ್ನು ತೊಳೆದು ಇಟ್ಟರೆ ಪಕ್ಕದ್ದರಿಂದ ಮತ್ತೆ ಅಂಟುತ್ತದೆ. ಹದಿನೈದನ್ನೂ ಒಟ್ಟಿಗೇ ನಿಲ್ಲಿಸಿ ತೊಳೆಯದೆ ಬೇರೆ ದಾರಿ ಇಲ್ಲ.

ಇದಕ್ಕೆ ಪರಿಹಾರ ರೀಸೆಲ್ಲರ್ ಹೋಸ್ಟಿಂಗ್. ಡಬ್ಲ್ಯೂಎಚ್‌ಎಂ ಅನ್ನುವ ಮೇಲಿನ ಪ್ಯಾನೆಲ್ ನಿಮ್ಮದು, ಅದರ ಕೆಳಗೆ ಒಂದೊಂದು ಕ್ಲೈಂಟಿಗೂ ಬೇರೆ ಸಿಪ್ಯಾನೆಲ್. ನಿಮಗೆ ಒಂದೇ ಲಾಗಿನ್, ಅವರವರ ಫೈಲು ಅವರವರ ಮನೆಯಲ್ಲಿ. ಕ್ಲೈಂಟ್ ಬಿಟ್ಟು ಹೋಗುವಾಗ ಆ ಒಂದು ಸಿಪ್ಯಾನೆಲ್‌ನ ಪೂರ್ತಿ ಬ್ಯಾಕಪ್ ತೆಗೆದು ಕೊಟ್ಟರೆ ಆಯಿತು.

ವರ್ಡ್‌ಪ್ರೆಸ್ ಮಲ್ಟಿಸೈಟ್ ಬಗ್ಗೆಯೂ ಕೇಳುವವರಿದ್ದಾರೆ. 2010ರ 3.0 ಆವೃತ್ತಿಯಿಂದ ಇದು ವರ್ಡ್‌ಪ್ರೆಸ್ ಒಳಗೇ ಇದೆ. ಒಂದೇ ಇನ್‌ಸ್ಟಾಲ್, ಒಂದೇ ಡೇಟಾಬೇಸ್, ಬಳಕೆದಾರರ ಪಟ್ಟಿಯೂ ಒಂದೇ. ಒಂದೇ ವಿದ್ಯಾಸಂಸ್ಥೆಯ ಟ್ರಸ್ಟ್ ಐದು ಶಾಲೆ ನಡೆಸುತ್ತಿದ್ದರೆ ಅದು ಹೇಳಿ ಮಾಡಿಸಿದ ಹಾಗಿದೆ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಕ್ಲೈಂಟುಗಳಿಗೆ ಖಂಡಿತ ಬೇಡ. ಅದರೊಳಗಿಂದ ಒಬ್ಬರನ್ನು ಬಿಡಿಸಿ ಹೊರಗೆ ತರುವುದು ತಲೆನೋವಿನ ಕೆಲಸ.

ಹೆಜ್ಜೆ 4: ಡ್ಯಾಶ್‌ಬೋರ್ಡ್

ಎಲ್ಲ ಸೈಟುಗಳ ಅಪ್‌ಡೇಟ್, ಬ್ಯಾಕಪ್, ಲಾಗಿನ್ ಒಂದೇ ಪರದೆಯಲ್ಲಿ ಬರಬೇಕಾದರೆ ಎರಡು ಹೆಸರು ಮುಖ್ಯ. ಮ್ಯಾನೇಜ್‌ಡಬ್ಲ್ಯೂಪಿ ಮತ್ತು ಮೇನ್‌ಡಬ್ಲ್ಯೂಪಿ. ಮೊದಲನೆಯದು 2016ರಿಂದ ಗೋಡ್ಯಾಡಿಯದ್ದು, ಅವರ ಸರ್ವರ್ ಮೇಲೆ ಓಡುತ್ತದೆ. ಸೈಟಿನಲ್ಲಿ ವರ್ಕರ್ ಪ್ಲಗಿನ್ ಹಾಕಿ ಜೋಡಿಸಿದರೆ ಮುಗಿಯಿತು. ಮೂಲ ಸೌಲಭ್ಯಗಳು ಉಚಿತ, ದಿನನಿತ್ಯದ ಬ್ಯಾಕಪ್‌ನಂಥದ್ದಕ್ಕೆ ಸೈಟಿಗಿಷ್ಟು ಅಂತ ದುಡ್ಡು. ಎರಡನೆಯದು ಓಪನ್ ಸೋರ್ಸ್, ನಿಮ್ಮದೇ ಹೋಸ್ಟಿಂಗ್ ಮೇಲೆ ನೀವೇ ನಡೆಸಬೇಕು. ಹತ್ತು ಸೈಟಿನ ಒಳಗಿದ್ದರೆ, ಸರ್ವರ್ ಕೆಲಸ ನಿಮಗೆ ಒಗ್ಗದಿದ್ದರೆ, ಮೊದಲನೆಯದೇ ಆರಾಮು. ಅದಕ್ಕಿಂತ ಜಾಸ್ತಿ ಇದ್ದರೆ ನನ್ನ ಓಟು ಮೇನ್‌ಡಬ್ಲ್ಯೂಪಿಗೆ, ಯಾಕೆಂದರೆ ಕ್ಲೈಂಟುಗಳ ಪಟ್ಟಿ ಮೂರನೆಯವರ ಬಳಿ ಇರುವುದಿಲ್ಲ.

ಹಾಕುವ ಕ್ರಮ ಹೀಗೆ. ಏಜೆನ್ಸಿಯ ಸ್ವಂತ ಡೊಮೇನಿನ ಒಂದು ಸಬ್‌ಡೊಮೇನಿನಲ್ಲಿ ಹೊಸ ವರ್ಡ್‌ಪ್ರೆಸ್ ಹಾಕಿ. ಅದರಲ್ಲಿ ಮೇನ್‌ಡಬ್ಲ್ಯೂಪಿ ಡ್ಯಾಶ್‌ಬೋರ್ಡ್ ಬಿಟ್ಟು ಬೇರೆ ಕೆಲಸವೇ ಇರಬಾರದು. ಬ್ಲಾಗ್ ಬೇಡ, ಫಾರ್ಮ್ ಬೇಡ, ಚೆಂದದ ಥೀಮೂ ಬೇಡ. ಗೂಗಲ್‌ಗೆ ಕಾಣದ ಹಾಗೆ, ಸರ್ಚ್ ಎಂಜಿನ್‌ಗಳು ಬರುವುದು ಬೇಡ ಅನ್ನುವ ಸೆಟ್ಟಿಂಗ್‌ಗೆ ಟಿಕ್ ಹಾಕಿ. ಆಮೇಲೆ ಒಂದೊಂದು ಕ್ಲೈಂಟ್ ಸೈಟಿನಲ್ಲೂ ಏಜೆನ್ಸಿಗಾಗಿಯೇ ಒಂದು ಅಡ್ಮಿನ್ ಬಳಕೆದಾರನನ್ನು ಸೃಷ್ಟಿಸಿ, ಅವನ ಹೆಸರು ಸುಮ್ನೆ 'ಅಡ್ಮಿನ್' ಅಂತ ಇರಬಾರದು. ಆ ಸೈಟಿಗೆ ಮೇನ್‌ಡಬ್ಲ್ಯೂಪಿ ಚೈಲ್ಡ್ ಪ್ಲಗಿನ್ ಹಾಕಿ, ಡ್ಯಾಶ್‌ಬೋರ್ಡಿಗೆ ಬಂದು ಸೈಟಿನ ವಿಳಾಸ, ಆ ಅಡ್ಮಿನ್ ವಿವರ ಕೊಟ್ಟು ಜೋಡಿಸಿ. ಜೋಡಿಸದೆ ಚೈಲ್ಡ್ ಪ್ಲಗಿನ್ ಹಾಕಿಟ್ಟು ಎದ್ದು ಹೋಗಬೇಡಿ.

ಈ ಡ್ಯಾಶ್‌ಬೋರ್ಡ್ ಅಂದರೆ ಊರಿನ ಎಲ್ಲ ಮನೆಗಳ ಬೀಗದ ಕೈ ಇರುವ ಗೊಂಚಲು. ಅದು ಕಳೆದರೆ ಎಲ್ಲ ಮನೆಯೂ ಹೋದ ಹಾಗೆ. ಆದ್ದರಿಂದ ಎರಡು ಹಂತದ ಲಾಗಿನ್ ಕಡ್ಡಾಯ. ಸಾಧ್ಯವಾದರೆ ಆಫೀಸಿನ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಮಾತ್ರ ತೆರೆಯುವ ಹಾಗೆ ಮಾಡಿ. ಇಂಟರ್ನೆಟ್ ಕನೆಕ್ಷನ್‌ನ ಐಪಿ ಬದಲಾಗುತ್ತಿದ್ದರೆ ಸಿಪ್ಯಾನೆಲ್‌ನಲ್ಲಿ ಆ ಡೈರೆಕ್ಟರಿಗೆ ಇನ್ನೊಂದು ಪಾಸ್‌ವರ್ಡ್ ಹಾಕಿದರೂ ಸಾಕು. ಡ್ಯಾಶ್‌ಬೋರ್ಡ್ ಇರುವ ಸಿಪ್ಯಾನೆಲ್‌ನಲ್ಲಿ ಕ್ಲೈಂಟ್ ಸೈಟ್ ಒಂದೂ ಇರಬಾರದು.

ಸೈಟುಗಳಿಗೆ ಟ್ಯಾಗ್ ಹಾಕುವಾಗ ಊರಿನ ಪ್ರಕಾರ ಹಾಕಿ ಪ್ರಯೋಜನ ಇಲ್ಲ. 'ದುಡ್ಡು ಓಡಾಡುವ ಸೈಟ್', 'ಸುಮ್ನೆ ಮಾಹಿತಿ ಸೈಟ್', 'ಹಳೆ ಪಿಎಚ್‌ಪಿ' ಹೀಗೆ ಅಪಾಯದ ಲೆಕ್ಕದಲ್ಲಿ ಹಾಕಿ. ಕೆಲಸ ಮಾಡುವಾಗ ಬೇಕಾಗುವುದು ಇದೇ.

ಹೆಜ್ಜೆ 5: ಯಾರಿಗೆ ಎಷ್ಟು ಅಧಿಕಾರ

ಏಜೆನ್ಸಿಯ ಒಳಗೆ ಎಲ್ಲರೂ ಒಂದೇ ಲಾಗಿನ್ ಬಳಸುವುದು ಮೊದಲು ನಿಲ್ಲಬೇಕು. ಮೂರು ಜನ ಇದ್ದರೆ ಮೂರು ಲಾಗಿನ್. ಪಾಸ್‌ವರ್ಡುಗಳು ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ, ಕ್ಲೈಂಟಿಗೊಂದು ವಿಭಾಗ ಮಾಡಿ ಇಡಿ. ಡಿಸೈನ್ ಮಾಡುವವರಿಗೆ ಹೋಸ್ಟಿಂಗ್ ಪಾಸ್‌ವರ್ಡ್ ಯಾಕೆ ಬೇಕು? ಬೇಡ. ಓಟಿಪಿ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್‌ನ ಕೋಡ್ ಬಳಸಿದರೆ ಇನ್ನೂ ಅನುಕೂಲ. ಆಗ ಆ ಕೆಲಸ ಯಾರೋ ಒಬ್ಬರ ಸಿಮ್ಮಿಗೆ ನೇತು ಬೀಳುವುದಿಲ್ಲ.

ಎಲ್ಲ ಸೇವೆಗಳಿಗೂ ಏಜೆನ್ಸಿ ಡೊಮೇನಿನ 'ಸಪೋರ್ಟ್' ವಿಳಾಸದಂಥ ಸಾಮಾನ್ಯ ಇಮೇಲ್ ಕೊಡಿ, ಹುಡುಗರ ಸ್ವಂತ ಜಿಮೇಲ್ ಬೇಡ. ಯಾರಾದರೂ ಕೆಲಸ ಬಿಟ್ಟ ದಿನ ಪಾಸ್‌ವರ್ಡ್ ಮ್ಯಾನೇಜರ್, ಡ್ಯಾಶ್‌ಬೋರ್ಡ್, ಹೋಸ್ಟಿಂಗ್, ಕ್ಲೌಡ್‌ಫ್ಲೇರ್, ಗೂಗಲ್ ಇಷ್ಟರಿಂದ ಅವರ ಹೆಸರು ತೆಗೆಯಬೇಕು. ಅದು ಅಪನಂಬಿಕೆ ಅಲ್ಲ. ನಾಳೆ ಏನಾದರೂ ಆದರೆ ಅವರ ಮೇಲೆ ಅನುಮಾನ ಬರಬಾರದು ಅಂತ.

ಕ್ಲೈಂಟಿನ ಕಡೆ ಒಂದು ಮಾತು ಬಂದೇ ಬರುತ್ತದೆ. "ಸರ್, ಸೈಟು ನಮ್ದು. ನಮಗೂ ಅಡ್ಮಿನ್ ಕೊಡ್ರಿ." ಕೇಳುವುದರಲ್ಲಿ ತಪ್ಪೇನಿಲ್ಲ. ಮಾಡಬೇಕಾದ್ದು ಇಷ್ಟು: ದಿನಾ ಫೋಟೋ, ಪ್ರಕಟಣೆ ಹಾಕುವ ಗುಮಾಸ್ತರಿಗೆ ಅಥವಾ ಮೇಷ್ಟ್ರಿಗೆ ಎಡಿಟರ್ ಲಾಗಿನ್. ಅದರಲ್ಲಿ ಪುಟ ಬರೆಯಬಹುದು, ಪ್ಲಗಿನ್ ಮುಟ್ಟಲಾಗದು. ಮಾಲೀಕರಿಗೆ ಬೇರೆ ಒಂದು ಅಡ್ಮಿನ್ ಲಾಗಿನ್ ಮಾಡಿ ಅದನ್ನು ಅವರಿಗೇ ಕೊಡಿ, "ಇದು ಇಟ್ಟಿರಲಿ, ದಿನಾ ಬಳಸೋದು ಬೇಡ" ಅಂತ ಹೇಳಿ. ಬಹಳಷ್ಟು ಜನ ಅದನ್ನು ತೆರೆಯುವುದೂ ಇಲ್ಲ. ಆದರೆ ಕೈಯಲ್ಲಿದೆ ಅನ್ನುವ ಧೈರ್ಯ ಅವರಿಗೆ ಇರುತ್ತದೆ.

ಹೆಜ್ಜೆ 6: ಗೂಗಲ್ ಅಕೌಂಟುಗಳು

ಇಲ್ಲಿ ಸೂತ್ರ ಒಂದೇ: ಕ್ಲೈಂಟ್ ಮಾಲೀಕ, ನಾವು ಸೇರಿಸಿಕೊಂಡವರು. ಸೈಟಿಗೆ ಬರುವವರ ಲೆಕ್ಕ ಕೊಡುವ ಅನಲಿಟಿಕ್ಸ್‌ನಲ್ಲಿ ಒಂದೇ ಅಕೌಂಟಿನ ಕೆಳಗೆ ಎಲ್ಲ ಕ್ಲೈಂಟುಗಳ ಪ್ರಾಪರ್ಟಿ (ಸೈಟಿನ ಲೆಕ್ಕದ ವಿಭಾಗ) ತೆರೆಯಬೇಡಿ. ಕ್ಲೈಂಟಿಗೊಂದು ಅಕೌಂಟ್ ಮಾಡಿ, ಅವರ ಜಿಮೇಲಿಗೆ ಅಡ್ಮಿನಿಸ್ಟ್ರೇಟರ್ ಕೊಟ್ಟು, ನೀವು ಎಡಿಟರ್ ಆಗಿ ಇರಿ. ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಡಿಎನ್‌ಎಸ್ ದಾಖಲೆ ಮೂಲಕ ದೃಢೀಕರಿಸಿದ ಓನರ್ ಕ್ಲೈಂಟ್ ಆಗಿರಲಿ. ದೃಢೀಕರಿಸಿದ ಓನರ್ ಒಬ್ಬರೂ ಉಳಿಯದಿದ್ದರೆ ಸೇರಿಸಿಕೊಂಡವರ ಪ್ರವೇಶವೂ ಹೋಗುತ್ತದೆ.

ಬಿಸಿನೆಸ್ ಪ್ರೊಫೈಲ್ ಅಂಗಡಿ, ಹೋಮ್‌ಸ್ಟೇಗಳಿಗೆ ಸೈಟಿಗಿಂತ ಮುಖ್ಯ. ಮ್ಯಾಪ್ ನೋಡಿಯೇ ಅಲ್ವಾ ಜನ ಫೋನ್ ಮಾಡುವುದು? ಅದರ ಪ್ರೈಮರಿ ಓನರ್ ಕ್ಲೈಂಟೇ ಇರಬೇಕು, ನಿಮಗೆ ಮ್ಯಾನೇಜರ್ ಸಾಕು. ಹೊಸದಾಗಿ ಸೇರಿದ ಓನರ್‌ಗೆ ಮಾಲೀಕತ್ವ ವರ್ಗಾಯಿಸಲು 7 ದಿನ ಕಾಯಬೇಕಾಗುತ್ತದೆ, ಹಾಗಾಗಿ ತುರ್ತು ಬಂದಾಗ ಇದನ್ನು ಶುರು ಮಾಡಬೇಡಿ. ಜಾಹೀರಾತು ನಡೆಸುವುದಾದರೆ ಗೂಗಲ್ ಆ್ಯಡ್ಸ್‌ನ ಮ್ಯಾನೇಜರ್ ಅಕೌಂಟ್ ಇದಕ್ಕೆಂದೇ ಇದೆ. ಕ್ಲೈಂಟಿನ 10 ಅಂಕಿಯ ಐಡಿ ಹಾಕಿ ಕೋರಿಕೆ ಕಳಿಸಿದರೆ ಅವರು ಒಪ್ಪುತ್ತಾರೆ, ಕಾರ್ಡೂ ಬಿಲ್ಲೂ ಅವರದ್ದೇ ಇರುತ್ತದೆ.

ಹೆಜ್ಜೆ 7: ಅಪ್‌ಡೇಟಿಗೆ ವಾರ ನೋಡಿ

ಡ್ಯಾಶ್‌ಬೋರ್ಡ್ ಸಿಕ್ಕಿದ ಖುಷಿಯಲ್ಲಿ 'ಎಲ್ಲ ಅಪ್‌ಡೇಟ್ ಮಾಡು' ಅನ್ನುವ ಗುಂಡಿ ಒತ್ತುವ ಆಸೆ ಬರುತ್ತದೆ. ಒತ್ತಬೇಡಿ. ಶುಕ್ರವಾರ ಸಂಜೆಯಂತೂ ಬೇಡವೇ ಬೇಡ. ಹೋಮ್‌ಸ್ಟೇಗೆ ವಾರಾಂತ್ಯದ ಬುಕಿಂಗ್ ಬರುವ ಹೊತ್ತು ಅದು. ಶಾಲೆಗಳಿಗೆ ಅಡ್ಮಿಷನ್ ತಿಂಗಳುಗಳಲ್ಲಿ ದೊಡ್ಡ ಬದಲಾವಣೆ ಬೇಡ. ಸೀರೆ ಅಂಗಡಿಗೆ ದಸರಾ, ದೀಪಾವಳಿ ಮುಗಿಯಲಿ. ಮಂಗಳವಾರ ಅಥವಾ ಬುಧವಾರ ಬೆಳಗ್ಗೆ ಒಳ್ಳೆಯದು. ಏನಾದರೂ ಕೆಟ್ಟರೆ ಸರಿಮಾಡಲು ವಾರದ ದಿನ ಉಳಿದಿರುತ್ತದೆ, ಹೋಸ್ಟಿಂಗ್ ಸಪೋರ್ಟ್‌ನವರೂ ಸಿಗುತ್ತಾರೆ.

ಕ್ರಮ ಹೀಗಿರಲಿ. ಮೊದಲು ಬ್ಯಾಕಪ್. ಆಮೇಲೆ ಮಾಹಿತಿ ಸೈಟುಗಳಲ್ಲಿ ಒಂದೆರಡನ್ನು ಅಪ್‌ಡೇಟ್ ಮಾಡಿ ನೋಡಿ. ಏನೂ ಆಗದಿದ್ದರೆ ಉಳಿದ ಮಾಹಿತಿ ಸೈಟುಗಳು. ವೂಕಾಮರ್ಸ್ (ಅಂಗಡಿ ನಡೆಸುವ ಪ್ಲಗಿನ್) ಇರುವ, ದುಡ್ಡು ಕಟ್ಟಿಸಿಕೊಳ್ಳುವ ಸೈಟುಗಳನ್ನು ಕೊನೆಗೆ, ಅದೂ ಸ್ಟೇಜಿಂಗ್ ಪ್ರತಿಯಲ್ಲಿ, ಅಂದರೆ ಪರೀಕ್ಷೆಗೆಂದೇ ಇಟ್ಟ ಸೈಟಿನ ನಕಲಿನಲ್ಲಿ, ನೋಡಿದ ಮೇಲೆ. ಭದ್ರತೆಯ ತೂತು ಮುಚ್ಚುವ ಅಪ್‌ಡೇಟ್ ಬಂದರೆ ಮಾತ್ರ ಈ ನಿಧಾನ ಬೇಡ, ಅವತ್ತೇ ಹಾಕಿ. ಪ್ಲಗಿನ್‌ನ ದೊಡ್ಡ ಆವೃತ್ತಿ ಬಂದರೆ ಒಂದು ವಾರ ಕಾಯುವುದರಲ್ಲಿ ನಷ್ಟವೇನಿಲ್ಲ. 2024ರ ಜುಲೈನಲ್ಲಿ ಬಂದ ವರ್ಡ್‌ಪ್ರೆಸ್ 6.6ರಿಂದ ಈಚೆಗೆ, ತಾನೇ ಆಗುವ ಪ್ಲಗಿನ್ ಅಪ್‌ಡೇಟಿನಿಂದ ಸೈಟ್ ಕುಸಿದರೆ ಹಳೆಯ ಆವೃತ್ತಿಗೆ ಅದೇ ಮರಳುತ್ತದೆ. ಅದು ಹಿಡಿಯುವುದು ಪೂರ್ತಿ ಕುಸಿದದ್ದನ್ನು ಮಾತ್ರ. ಬಟನ್ ಕೆಲಸ ಮಾಡದಿರುವುದು, ಮೆನು ಕೆಟ್ಟಿರುವುದು ಅದಕ್ಕೆ ಗೊತ್ತಾಗದು.

ಅಪ್‌ಡೇಟ್ ಆದ ಮೇಲೆ ಮೊಬೈಲಿನಲ್ಲಿ, ಲಾಗಿನ್ ಇಲ್ಲದೆ, ಕ್ಯಾಶ್ (ಬೇಗ ತೋರಿಸಲು ಉಳಿಸಿಟ್ಟ ಹಳೆಯ ಪ್ರತಿ) ಖಾಲಿ ಮಾಡಿ ನೋಡಿ. ಮುಖಪುಟ, ಒಂದು ಒಳಪುಟ, ಕಾಂಟ್ಯಾಕ್ಟ್ ಫಾರ್ಮ್ ತುಂಬಿ ಕಳಿಸಿ ನೋಡುವುದು, ಅಂಗಡಿಯಾದರೆ ಬುಟ್ಟಿಯಿಂದ ಪೇಮೆಂಟ್ ಪುಟದ ತನಕ.

ಥೀಮ್ ಜೊತೆ ಪುಕ್ಕಟೆ ಬಂದ ಪ್ಲಗಿನ್ನುಗಳ ಮೇಲೆ ಕಣ್ಣಿರಲಿ. ಲೈಸೆನ್ಸ್ ಥೀಮಿನವರದ್ದಾದ್ದರಿಂದ ಅವು ತಾವಾಗಿ ಅಪ್‌ಡೇಟ್ ಆಗುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲೂ ಎಷ್ಟೋ ಸಲ ಕೆಂಪು ತೋರಿಸುವುದಿಲ್ಲ. ಇನ್ನು ನಲ್ಡ್ ಪ್ಲಗಿನ್, ಅಂದರೆ ದುಡ್ಡಿನ ಪ್ಲಗಿನ್ನಿನ ಕದ್ದ ಪ್ರತಿ. ಟೆಲಿಗ್ರಾಂನಲ್ಲಿ ಸಿಗುತ್ತದೆ ಅಂತ ಹಾಕುವುದು ಬೇಡ. ಹ್ಯಾಕರನನ್ನು ಕರೆದು ಮಣೆ ಹಾಕಿದ ಹಾಗೆ.

ಹೆಜ್ಜೆ 8: ಬ್ಯಾಕಪ್, ಕನ್ನಡ ಅಕ್ಷರ ಸಮೇತ

ಬ್ಯಾಕಪ್ ಸೈಟ್ ಇರುವ ಸರ್ವರಿನಲ್ಲೇ ಇದ್ದರೆ ಅದು ಬ್ಯಾಕಪ್ ಅಲ್ಲ. ಬೇರೆ ಕಡೆ ಹೋಗಬೇಕು. ಮಾಹಿತಿ ಸೈಟಿಗೆ ವಾರಕ್ಕೊಮ್ಮೆ, ಆರ್ಡರ್ ಬರುವ ಸೈಟಿಗೆ ದಿನಾ. ಕಡೇ ಪಕ್ಷ 30 ದಿನದಷ್ಟು ಹಳೆಯ ಪ್ರತಿ ಇಟ್ಟುಕೊಳ್ಳಿ, ಯಾಕೆಂದರೆ ಸೈಟಿಗೆ ಯಾರೋ ನುಗ್ಗಿದ್ದು ಎಷ್ಟೋ ಸಲ ವಾರಗಳ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಹೊಸ ಬ್ಯಾಕಪ್‌ಗಳೆಲ್ಲ ಕೆಟ್ಟಿರುತ್ತವೆ. ಮೂರು ತಿಂಗಳಿಗೊಮ್ಮೆ ಒಂದು ಸೈಟನ್ನು ಆರಿಸಿ ಖಾಲಿ ಜಾಗದಲ್ಲಿ ರೀಸ್ಟೋರ್ ಮಾಡಿ ನೋಡಿ.

ರೀಸ್ಟೋರ್ ಮಾಡಿದಾಗ ಕನ್ನಡ ಪುಟಗಳನ್ನು ತೆರೆದು ನೋಡಲೇಬೇಕು. ಕೆಲವು ಹಳೆಯ ಸೈಟುಗಳ ಡೇಟಾಬೇಸ್ ಲ್ಯಾಟಿನ್1 ಅನ್ನುವ ಅಕ್ಷರ ಪದ್ಧತಿಯಲ್ಲಿರುತ್ತದೆ, ಈಗಿನದು ಯುಟಿಎಫ್8ಎಂಬಿ4. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸೆಟ್ಟಿಂಗ್ ತಪ್ಪಿದರೆ ಕನ್ನಡ ಹೋಗಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಹಾಗೆ ಬಂದರೆ ಹೆದರಬೇಡಿ, ಸರಿಯಾದ ಸೆಟ್ಟಿಂಗ್‌ನಲ್ಲಿ ಮತ್ತೆ ತಂದರೆ ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಆ ಪ್ರತಿಯಲ್ಲಿ ಅಕ್ಷರ ಕಳೆದೇ ಹೋಗಿದೆ. ಹಳೆಯ ಸರ್ವರನ್ನು ಇನ್ನೂ ಅಳಿಸಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಲ್ಲಿಂದ ಹೊಸದಾಗಿ ತೆಗೆಯಿರಿ.

ಕನ್ನಡ ಸೈಟಿಗೆ ಇನ್ನೊಂದು ತೊಂದರೆ ಇದೆ, ಕೊಂಡಿಯದ್ದು. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಉಳಿಯುತ್ತದೆ. ಒಂದು ಕನ್ನಡ ಅಕ್ಷರಕ್ಕೆ 9 ಜಾಗ, ಗುಣಿತದ ಚಿಹ್ನೆಗೂ ಬೇರೆ 9, ಒತ್ತಕ್ಷರ ಕೂಡಿಸುವ ಚಿಹ್ನೆಗೂ ಬೇರೆ 9. 'ಶಾಲಾ ಪ್ರವೇಶ ಪ್ರಕಟಣೆ' ಅನ್ನುವ ಮೂರು ಪದಕ್ಕೇ 155 ಜಾಗ ಆಗಿಹೋಗುತ್ತದೆ. ಡೇಟಾಬೇಸಿನಲ್ಲಿ ಇರುವುದು 200. ನಾಲ್ಕನೆಯ ಪದ ಮಧ್ಯದಲ್ಲೇ ತುಂಡಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ಕೊಂಡಿ ಅರ್ಧ ಪರದೆ ತುಂಬುತ್ತದೆ. ಆದ್ದರಿಂದ ಶೀರ್ಷಿಕೆ ಕನ್ನಡದಲ್ಲಿರಲಿ, ಸ್ಲಗ್ (ಪುಟದ ವಿಳಾಸದ ಕೊನೆಯ ಭಾಗ) ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಎಡಿಟರ್ ಲಾಗಿನ್ ಕೊಟ್ಟ ಮೇಷ್ಟ್ರಿಗೂ ಇದನ್ನು ಹೇಳಿಕೊಡಿ.

ಅವರಿಗೆ ಹೇಳಬೇಕಾದ ಇನ್ನೊಂದು: ಪ್ರಿಂಟಿಂಗ್ ಪ್ರೆಸ್‌ನಿಂದ ಬಂದ ನುಡಿ ಅಥವಾ ಹಳೆಯ ಬರಹ ಫೈಲನ್ನು ನೇರ ಅಂಟಿಸಬಾರದು. ಯೂನಿಕೋಡಿಗೆ ಬದಲಾಯಿಸಿ ಹಾಕಬೇಕು. ಇಲ್ಲದಿದ್ದರೆ ಓದುವವರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಹೆಜ್ಜೆ 9: ಡಿಎನ್‌ಎಸ್ ಮುಟ್ಟುವ ಮುನ್ನ ಇಮೇಲ್ ನೋಡಿ

ಎಲ್ಲ ಕ್ಲೈಂಟುಗಳ ಡಿಎನ್‌ಎಸ್ ಕ್ಲೌಡ್‌ಫ್ಲೇರಿಗೆ ತರುವುದು ಒಳ್ಳೆಯದೇ. ಇಲ್ಲೂ ಕ್ಲೈಂಟಿನ ಅಕೌಂಟ್ ತೆರೆದು ನಿಮ್ಮನ್ನು ಮೆಂಬರ್ ಆಗಿ ಸೇರಿಸಿಕೊಳ್ಳಬಹುದು. ನೇಮ್‌ಸರ್ವರ್ (ಡಿಎನ್‌ಎಸ್ ಯಾರ ಬಳಿ ಇದೆ ಅಂತ ಹೇಳುವ ಸೆಟ್ಟಿಂಗ್) ಬದಲಾಯಿಸುವ ಮೊದಲು ಹಳೆಯ ಡಿಎನ್‌ಎಸ್‌ನ ಎಲ್ಲ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಕ್ಲೌಡ್‌ಫ್ಲೇರ್ ತಾನೇ ಹುಡುಕಿ ತರುತ್ತದೆ, ಆದರೆ ಎಲ್ಲವೂ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಬಿಟ್ಟುಹೋದರೆ ಸೈಟ್ ಚೆನ್ನಾಗಿಯೇ ಓಡುತ್ತಿರುತ್ತದೆ, ಇಮೇಲ್ ಮಾತ್ರ ಸದ್ದಿಲ್ಲದೆ ನಿಂತಿರುತ್ತದೆ.

"ಫಾರ್ಮ್ ತುಂಬಿದರೂ ಮೇಲ್ ಬರ್ತಿಲ್ಲ" ಅನ್ನುವುದು ಕ್ಲೈಂಟುಗಳ ನಿತ್ಯದ ದೂರು. ಕಾರಣ ಹೆಚ್ಚಾಗಿ ಇದು: ಫಾರ್ಮ್ ಪ್ಲಗಿನ್, ತುಂಬಿದವರ ಜಿಮೇಲ್ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಹಾಕಿರುತ್ತದೆ. ನಿಮ್ಮ ಸರ್ವರಿಗೆ ಜಿಮೇಲ್ ಹೆಸರಲ್ಲಿ ಕಳಿಸುವ ಹಕ್ಕಿಲ್ಲ, ಹಾಗಾಗಿ ಆ ಮೇಲ್ ಸ್ಪ್ಯಾಮಿಗೆ ಬೀಳುತ್ತದೆ, ಇಲ್ಲಾ ಮಾಯವಾಗುತ್ತದೆ. ಕಳಿಸಿದವರ ಜಾಗದಲ್ಲಿ ಆ ಸೈಟಿನ ಡೊಮೇನಿನದ್ದೇ ವಿಳಾಸ, ಉತ್ತರದ ಜಾಗದಲ್ಲಿ ತುಂಬಿದವರ ವಿಳಾಸ ಹಾಕಿ. ಎಸ್‌ಎಂಟಿಪಿ (ಇಮೇಲ್ ಸೇವೆಗೆ ಲಾಗಿನ್ ಆಗಿ ಕಳಿಸುವ ವಿಧಾನ) ಮೂಲಕ ಕಳಿಸಿ. 2024ರ ಫೆಬ್ರವರಿಯಿಂದ ಜಿಮೇಲಿಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್, ಅಂದರೆ ಆ ಡೊಮೇನಿನ ಹೆಸರಲ್ಲಿ ಕಳಿಸುವ ಹಕ್ಕಿದೆ ಅಂತ ತೋರಿಸುವ ಡಿಎನ್‌ಎಸ್ ದಾಖಲೆ, ಬೇಕೇ ಬೇಕು. ಎರಡೂ ಹಾಕಿಬಿಡಿ. ಎಸ್‌ಪಿಎಫ್ ದಾಖಲೆ ಒಂದು ಡೊಮೇನಿಗೆ ಒಂದೇ ಇರಬೇಕು. ಎರಡನೇ ಸೇವೆ ಸೇರಿಸುವಾಗ ಹೊಸ ಸಾಲು ಹಾಕದೆ ಇರುವ ಸಾಲಿನೊಳಗೇ ಸೇರಿಸಬೇಕು.

ಹೆಜ್ಜೆ 10: ಕಾವಲು

ಸೈಟ್ ಬಿದ್ದದ್ದು ಕ್ಲೈಂಟಿಗಿಂತ ಮೊದಲು ನಿಮಗೆ ಗೊತ್ತಾಗಬೇಕು. ಅಪ್‌ಟೈಮ್ ನೋಡುವ ಸೇವೆ ಹಾಕುವಾಗ ಸೈಟ್ ತೆರೆಯುತ್ತದೆಯೇ ಅಂತ ಮಾತ್ರ ನೋಡಿದರೆ ಸಾಲದು. ಪುಟದಲ್ಲಿ ಇರಲೇಬೇಕಾದ ಒಂದು ಪದ, ಶಾಲೆಯ ಹೆಸರೋ ಅಂಗಡಿಯ ಫೋನ್ ನಂಬರೋ, ಇದೆಯೇ ಅಂತ ನೋಡುವ ಹಾಗೆ ಇಡಿ. ಹ್ಯಾಕ್ ಆದ ಪುಟವೂ ತೆರೆದುಕೊಳ್ಳುತ್ತದೆ, ಹೆಸರು ಮಾತ್ರ ಇರುವುದಿಲ್ಲ.

ಎಸ್‌ಎಸ್‌ಎಲ್ (ಸೈಟಿನ ಸಂಪರ್ಕ ಸುರಕ್ಷಿತ ಮಾಡುವ ಪ್ರಮಾಣಪತ್ರ) ಮೇಲೆ ಈಗ ಜಾಸ್ತಿ ಗಮನ ಬೇಕು. ಪುಕ್ಕಟೆ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಕ್ಕೆ 90 ದಿನದ ಆಯಸ್ಸು, ಮತ್ತು ಮುಗಿಯುತ್ತಿದೆ ಅಂತ ಅವರು ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ದುಡ್ಡು ಕೊಟ್ಟು ತಗೊಳ್ಳುವ ಪ್ರಮಾಣಪತ್ರಗಳ ಗರಿಷ್ಠ ಅವಧಿಯೂ ಇಳಿಯುತ್ತಾ ಹೋಗುತ್ತದೆ: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ವರ್ಷಕ್ಕೊಮ್ಮೆ ಕೈಯಾರೆ ಹಾಕಿ ಮರೆಯುವ ಕಾಲ ಮುಗಿಯಿತು. ಸಿಪ್ಯಾನೆಲ್‌ನಲ್ಲಿ ಪ್ರಮಾಣಪತ್ರವನ್ನು ತಾನೇ ಹೊಸದಾಗಿಸುವ ಆಟೋಎಸ್‌ಎಸ್‌ಎಲ್ ಆನ್ ಇದೆಯೇ ನೋಡಿ.

ಹ್ಯಾಕ್ ಆದರೆ ಮೊದಲು ಸೈಟನ್ನು ನಿಲ್ಲಿಸಿ, ಕೆಟ್ಟ ಸ್ಥಿತಿಯ ಒಂದು ಪ್ರತಿಯನ್ನು ಲಾಗ್ ಸಮೇತ ತೆಗೆದಿಟ್ಟು, ಆಮೇಲೆ ತೊಳೆಯಿರಿ. ಗಾಬರಿಯಲ್ಲಿ ಎಲ್ಲ ಅಳಿಸಿದರೆ ಎಲ್ಲಿಂದ ನುಗ್ಗಿದರು ಅನ್ನುವುದೇ ಗೊತ್ತಾಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಟ್ ವಿರೂಪಗೊಳಿಸುವುದೂ ಸೇರಿದಂತೆ ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಯಾರು ತಿಳಿಸುತ್ತಾರೆ, ನೀವೋ ಕ್ಲೈಂಟೋ, ಅನ್ನುವುದು ಒಪ್ಪಂದದಲ್ಲೇ ಬರೆದಿರಲಿ.

ಹೆಜ್ಜೆ 11: ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಮತ್ತು ತಿಂಗಳ ವರದಿ

ಇನ್‌ವಾಯ್ಸ್‌ನಲ್ಲಿ ಡೊಮೇನ್ ಒಂದು ಸಾಲು, ಹೋಸ್ಟಿಂಗ್ ಒಂದು ಸಾಲು, ನಿಮ್ಮ ಎಎಂಸಿ ಒಂದು ಸಾಲು. ಒಟ್ಟಿಗೆ ಸೇರಿಸಿ 'ವೆಬ್‌ಸೈಟ್ ಚಾರ್ಜ್' ಅಂತ ಬರೆದರೆ "ಹೊರಗೆ ಹೋಸ್ಟಿಂಗ್ ಇಷ್ಟು ಕಮ್ಮಿಗೆ ಸಿಗತ್ತಲ್ಲ" ಅನ್ನುವ ಮಾತು ಬರುತ್ತದೆ, ಅದು ನ್ಯಾಯವೂ ಹೌದು. ಎಎಂಸಿಯಲ್ಲಿ ಏನು ಸೇರಿದೆ, ಏನಿಲ್ಲ ಅನ್ನುವುದು ಸ್ಪಷ್ಟ ಇರಲಿ. ಹೊಸ ಪುಟ, ಹೊಸ ಡಿಸೈನ್ ಅದರಲ್ಲಿ ಇಲ್ಲ ಅಂತ ಬರೆಯದಿದ್ದರೆ ಇದೆ ಅಂತಲೇ ಅರ್ಥ. ರಿನ್ಯೂವಲ್ ನೆನಪೋಲೆ 60, 30, 7 ದಿನ ಮುಂಚೆ ಹೋಗಲಿ.

ವರದಿಗೆ ಇಪ್ಪತ್ತು ಪುಟದ ಪಿಡಿಎಫ್ ಯಾರೂ ಓದಲ್ಲ. ವಾಟ್ಸಾಪಿನಲ್ಲಿ ಇಷ್ಟು ಕಳಿಸಿ ನೋಡಿ:

"ನಮಸ್ಕಾರ ಮೇಡಂ. ಈ ತಿಂಗಳು ನಿಮ್ಮ ಸೈಟಿನ 9 ಪ್ಲಗಿನ್ ಅಪ್‌ಡೇಟ್ ಆಗಿವೆ. ಬ್ಯಾಕಪ್ ಪ್ರತಿ ವಾರ ಆಗಿದೆ. ಫಾರ್ಮಿನಿಂದ 14 ವಿಚಾರಣೆ ಬಂದಿವೆ, ಎಲ್ಲ ನಿಮ್ಮ ಮೇಲಿಗೆ ತಲುಪಿವೆ. ಡೊಮೇನ್ ಆಗಸ್ಟ್‌ನಲ್ಲಿ ರಿನ್ಯೂ ಮಾಡಬೇಕು. ಕಳೆದ ವರ್ಷದ ಪ್ರವೇಶ ಶುಲ್ಕದ ಪುಟ ಇನ್ನೂ ಹಾಗೇ ಇದೆ, ಹೊಸದು ಕಳಿಸಿದರೆ ಬದಲಾಯಿಸುತ್ತೇವೆ."

ಕೊನೆಯ ಸಾಲಿಗೇ ಉತ್ತರ ಬರುವುದು.

ದುಡ್ಡು ಬಾಕಿ ಉಳಿಸಿಕೊಂಡ ಕ್ಲೈಂಟ್ ಇದ್ದರೆ ಸೈಟ್ ಕೆಡಿಸುವುದು, ಡೊಮೇನ್ ಹಿಡಿದಿಟ್ಟುಕೊಳ್ಳುವುದು ಮಾಡಬೇಡಿ. ಎಎಂಸಿ ಕೆಲಸ ನಿಲ್ಲಿಸಿದ್ದೇವೆ ಅಂತ ಬರಹದಲ್ಲಿ ತಿಳಿಸಿ. ಊರು ಚಿಕ್ಕದು.

ಹೆಜ್ಜೆ 12: ಬಿಟ್ಟು ಹೋಗುವವರಿಗೆ ಒಪ್ಪಿಸುವುದು

ಮೇಲಿನದ್ದೆಲ್ಲ ಮಾಡಿದ್ದರೆ ಇದು ಅರ್ಧ ದಿನದ ಕೆಲಸ. ಸಿಪ್ಯಾನೆಲ್‌ನ ಪೂರ್ತಿ ಬ್ಯಾಕಪ್ ಕೊಡಿ. ಡಿಎನ್‌ಎಸ್ ದಾಖಲೆಗಳ ಪ್ರತಿ, ಪ್ಲಗಿನ್ ಪಟ್ಟಿ ಕೊಡಿ. ನಿಮ್ಮ ಏಜೆನ್ಸಿ ಲೈಸೆನ್ಸಿನಲ್ಲಿ ಓಡುತ್ತಿದ್ದ ಪ್ಲಗಿನ್ ಯಾವುದು, ಅದಕ್ಕೆ ಅವರು ಹೊಸ ಲೈಸೆನ್ಸ್ ತಗೊಳ್ಳಬೇಕು ಅನ್ನುವುದನ್ನು ಮೊದಲೇ ಹೇಳಿ, ಆಮೇಲೆ ಜಗಳ ಬೇಡ. ಹೊಸ ಏಜೆನ್ಸಿಯವರು ಸೈಟ್ ಎಬ್ಬಿಸಿ ಎಲ್ಲ ಸರಿಯಿದೆ ಅಂದ ಮೇಲೆ ಡ್ಯಾಶ್‌ಬೋರ್ಡಿನಿಂದ ಆ ಸೈಟ್ ತೆಗೆದು, ಚೈಲ್ಡ್ ಪ್ಲಗಿನ್ ಅಳಿಸಿ, ನಿಮ್ಮ ಅಡ್ಮಿನ್ ಬಳಕೆದಾರನನ್ನೂ ತೆಗೆಯಿರಿ. ತೆಗೆಯುವಾಗ ಅವನು ಬರೆದ ಪುಟಗಳನ್ನು ಯಾರಿಗೆ ವಹಿಸಬೇಕು ಅಂತ ವರ್ಡ್‌ಪ್ರೆಸ್ ಕೇಳುತ್ತದೆ. ಕ್ಲೈಂಟಿನ ಅಡ್ಮಿನ್ ಹೆಸರು ಆರಿಸಿ, ಇಲ್ಲದಿದ್ದರೆ ಪುಟಗಳೂ ಹೋಗುತ್ತವೆ. ಗೂಗಲ್, ಕ್ಲೌಡ್‌ಫ್ಲೇರ್, ರಿಜಿಸ್ಟ್ರಾರ್‌ನಿಂದ ನೀವೇ ಹೊರಬನ್ನಿ. ನಿಮ್ಮ ಬಳಿಯ ಬ್ಯಾಕಪ್‌ನಲ್ಲಿ ಫಾರ್ಮ್ ತುಂಬಿದವರ ಹೆಸರು, ಫೋನ್ ನಂಬರ್ ಎಲ್ಲ ಇರುತ್ತದೆ. ಯಾವ ತಾರೀಕಿಗೆ ಅದನ್ನು ಅಳಿಸುತ್ತೀರಿ ಅಂತ ಕ್ಲೈಂಟಿಗೆ ಮೇಲ್ ಹಾಕಿ, ಆ ದಿನ ಅಳಿಸಿ, ಶೀಟಿನ ಆ ಸಾಲನ್ನು ಹಳೆಯವರ ಪಟ್ಟಿಗೆ ಸರಿಸಿ.